ಬ್ಯಾಡಗಿಯಿಂದ ಒಂದು ಪ್ರಶ್ನೆ: ಪೋರ್ಟ್‌ಫೋಲಿಯೊದಲ್ಲಿ ಏನಿಡಲಿ?

ಪ್ರಶ್ನೆ:
ಅಕ್ಕಾ, ನಮಸ್ಕಾರ. ನಾನು ಬ್ಯಾಡಗಿಯವಳು. ಈ ವರ್ಷ ಬಿಸಿಎ ಮುಗಿಯಿತು, ಹುಬ್ಬಳ್ಳಿಯಲ್ಲಿ ಕೋಡಿಂಗ್ ಕೆಲಸ ಹುಡುಕುತ್ತಿದ್ದೇನೆ. ಹೋದಲ್ಲೆಲ್ಲ "ಏನು ಪ್ರಾಜೆಕ್ಟ್ ಮಾಡಿದ್ದೀರಿ, ತೋರಿಸಿ" ಅಂತಾರೆ. ಕೋಡ್ ಇಡುವ ಜಾಲತಾಣ ಗಿಟ್‌ಹಬ್‌ನಲ್ಲಿ ಹನ್ನೊಂದು ಇಟ್ಟಿದ್ದೇನೆ: ಟು-ಡು ಲಿಸ್ಟ್, ಕ್ಯಾಲ್ಕುಲೇಟರ್, ಹವಾಮಾನದ ಆ್ಯಪ್, ಹೀಗೆ. ಎಲ್ಲಾ ಯೂಟ್ಯೂಬ್ ನೋಡಿ ಮಾಡಿದ್ದು. ಇನ್ನೂ ಎಷ್ಟು ಬೇಕು? ಅಪ್ಪ ದಲಾಲಿ ಅಂಗಡಿಯಲ್ಲಿ ಲೆಕ್ಕ ಬರೆಯುತ್ತಾರೆ, ಬೆಂಗಳೂರಿಗೆ ಹೋಗಿ ಕೋರ್ಸ್ ಮಾಡುವಷ್ಟು ದುಡ್ಡಿಲ್ಲ.

ಉತ್ತರ:
ತಂಗಿ, ಹೊಸದು ಒಂದೇ ಸಾಕು. ಹಳೆಯ ಹನ್ನೊಂದರಲ್ಲಿ ನಿನಗೆ ಪೂರ್ತಿ ಅರ್ಥವಾದದ್ದನ್ನು ಉಳಿಸಿ, ಮಿಕ್ಕ ಹತ್ತನ್ನು ಪ್ರೈವೇಟ್ ಮಾಡು. ಹೊಸಬರ ಇಂಟರ್‌ವ್ಯೂನಲ್ಲಿ ನಾನೂ ಕೂರುತ್ತೇನೆ. ಅದೇ ಹವಾಮಾನದ ಆ್ಯಪ್ ಮತ್ತೆ ಮತ್ತೆ ಬರುತ್ತೆ. "ನೆಟ್ ಇಲ್ಲದಾಗ ಈ ಬಟನ್ ಒತ್ತಿದರೆ ಏನಾಗುತ್ತೆ?" ಅಂದರೆ ಹುಡುಗರು ಸುಮ್ಮನಾಗುತ್ತಾರೆ. ನೋಡಿದರೆ ಸಂಕಟವಾಗುತ್ತೆ, ಕಷ್ಟಪಟ್ಟಿರ್ತಾರೆ ಪಾಪ.

ನಿನ್ನ ಪ್ರಾಜೆಕ್ಟ್ ಅಪ್ಪನ ಗಾದಿಯ ಮೇಲೇ ಇದೆ. ರೈತರಿಗೆ ಕೊಡುವ ಪಟ್ಟಿಯನ್ನೇ ಮಾಡು. ಚೀಲ ಎಷ್ಟು, ತೂಕ ಎಷ್ಟು, ದರ ಏನು, ಹಮಾಲಿ ಎಷ್ಟು ಕಳೆಯಬೇಕು, ರೈತನ ಕೈಗೆ ಎಷ್ಟು. ಕೋಡ್ ಬರೆಯುವ ಮೊದಲು ಒಂದು ದಿನ ಅವರ ಪಕ್ಕ ಕೂತು ನೋಡು. ಉದಾಹರಣೆಗೆ, 43 ಕೆಜಿ ಮೆಣಸಿನಕಾಯಿ, ಕ್ವಿಂಟಲ್‌ಗೆ 25,350 ರೂಪಾಯಿ ದರ. ಲೆಕ್ಕ 10,900 ರೂಪಾಯಿ 50 ಪೈಸೆ. ಆ ಎಂಟಾಣೆಯನ್ನು ಅಪ್ಪ ಬಿಡ್ತಾರಾ, ಸೇರಿಸ್ತಾರಾ? ಇದು ಯಾವ ವಿಡಿಯೋದಲ್ಲೂ ಸಿಗಲ್ಲ.

ಜಾವಾಸ್ಕ್ರಿಪ್ಟ್‌ನಲ್ಲಿ 0.1ಕ್ಕೆ 0.2 ಕೂಡಿಸಿ ನೋಡು, 0.30000000000000004 ಬರುತ್ತೆ. ಅದಕ್ಕೇ ದುಡ್ಡನ್ನು ಪೈಸೆಯಲ್ಲಿ, ಪೂರ್ಣಸಂಖ್ಯೆಯಾಗಿ ಇಡು. ಊರಿನ ಹೆಸರು ಕನ್ನಡದಲ್ಲೇ ಇರಲಿ, ಆದರೆ ಹುಷಾರು. ಗದಗ, ಹುಬ್ಬಳ್ಳಿ ಎರಡೂ ಕಣ್ಣಿಗೆ ಮೂರಕ್ಷರ ಅಲ್ವಾ? ಕೋಡ್‌ನಲ್ಲಿ ಲೆಂತ್ (ಉದ್ದ) ಕೇಳಿದರೆ ಗದಗಕ್ಕೆ 3, ಹುಬ್ಬಳ್ಳಿಗೆ 9 ಅನ್ನುತ್ತೆ. ಕೊಂಬು, ಗುಡಿಸು, ಒತ್ತು ಎಲ್ಲಾ ಬೇರೆ ಬೇರೆ ಎಣಿಕೆ. ಹತ್ತು ಸಾಕು ಅಂತ ಮಿತಿ ಹಾಕಿದರೆ ರಾಣೆಬೆನ್ನೂರಿನ "ರು" ಹಾರಿಹೋಗುತ್ತೆ. ಇಂಥದ್ದು ಎದುರಾದಾಗ ಏನು ಮಾಡಿದೆ ಅಂತ ರೀಡ್‌ಮಿಯಲ್ಲಿ, ಅಂದರೆ ಪ್ರಾಜೆಕ್ಟ್ ಜೊತೆ ಇಡುವ ಪರಿಚಯದ ಫೈಲ್‌ನಲ್ಲಿ, ನಾಲ್ಕು ಸಾಲು ಬರೆ. ನಾನಂತೂ ಕೋಡ್‌ಗಿಂತ ಮೊದಲು ಅದನ್ನೇ ಓದುತ್ತೇನೆ.

ಇನ್ನೊಬ್ಬರ ಪ್ರಶ್ನೆ (ಗದಗ):
ಮೇಡಂ, ಇದು ತೀರಾ ಸಣ್ಣದಾಗಲ್ವಾ? ಇಷ್ಟನ್ನು ಎಐ ಹತ್ತು ನಿಮಿಷದಲ್ಲಿ ಬರೆದುಕೊಡುತ್ತೆ.

ಉತ್ತರ:
ಬರೆಸಿಕೊಳ್ಳಿ, ತಪ್ಪಿಲ್ಲ. ಆದರೆ ಯಾಕೆ ಹೀಗಿದೆ ಅಂತ ಹೇಳಲು ಬಾರದ ಒಂದು ಸಾಲೂ ಒಳಗೆ ಇರಬಾರದು. ಕೋಡ್ ಬದಲಿಸಿದಾಗೆಲ್ಲ ಟಿಪ್ಪಣಿ ಜೊತೆ ದಾಖಲಿಸುವುದಕ್ಕೆ ಕಮಿಟ್ ಅಂತಾರೆ. ಇಡೀ ಕೋಡ್ ಒಂದೇ ಕಮಿಟ್‌ನಲ್ಲಿ ಬಂದು ಬಿದ್ದಿದ್ದರೆ ನನಗೆ ಅನುಮಾನ. "ಹಮಾಲಿ ಎರಡು ಸಲ ಕಳೆಯುತ್ತಿತ್ತು, ಸರಿ ಮಾಡಿದೆ" ಅಂತ ಒಂದು ಕಮಿಟ್ ಕಂಡರೆ, ಕೂತು ಕೆಲಸ ಮಾಡಿದ್ದಾರೆ ಅಂತ ಗೊತ್ತಾಗುತ್ತೆ.

ಇನ್ನೊಂದು ಮಾತು. ರೈತರ ನಿಜವಾದ ಹೆಸರು, ಫೋನ್ ನಂಬರ್ ಹಾಕಬೇಡಿ. ಪಾಸ್‌ವರ್ಡ್ ಅಂತೂ ಬೇಡವೇ ಬೇಡ. ಮೊದಲ ಕೆಲಸದಲ್ಲಿ ನಾನು ಡೇಟಾಬೇಸ್ ಪಾಸ್‌ವರ್ಡ್ ಸಮೇತ ಕೋಡ್ ಏರಿಸಿದ್ದೆ. ಮರುದಿನ ಅಳಿಸಿದೆ, ಆದರೆ ಹಳೆಯ ಕಮಿಟ್‌ನಲ್ಲಿ ಹಾಗೇ ಉಳಿದಿತ್ತು. ಕೊನೆಗೆ ಪಾಸ್‌ವರ್ಡನ್ನೇ ಬದಲಿಸಬೇಕಾಯಿತು. ಆ ರಾತ್ರಿ ನಿದ್ದೆ ಬರಲಿಲ್ಲ.

ಪ್ರಶ್ನೆ (ಬ್ಯಾಡಗಿ):
ಅಕ್ಕಾ, ಅಪ್ಪನಿಗೆ ಹೇಳಿದೆ. ಮೊದಲು ಕೇಳಿದ್ದೇ "ಪಟ್ಟಿ ಅರ್ಧ ಬರೆದಾಗ ಕರೆಂಟ್ ಹೋದರೆ?" ಅಂತ. ಉತ್ತರ ಗೊತ್ತಾಗಲಿಲ್ಲ.

ಉತ್ತರ:
ಎಂಥಾ ಒಳ್ಳೆ ಪ್ರಶ್ನೆ! ಅದನ್ನು ಅವರ ಮಾತಲ್ಲೇ ರೀಡ್‌ಮಿಯ ಮೊದಲ ಸಾಲಿಗೆ ಹಾಕು. ಒಂದೊಂದು ಚೀಲ ಬರೆದ ಕೂಡಲೇ ಲೋಕಲ್ ಸ್ಟೋರೇಜ್‌ಗೆ, ಅಂದರೆ ಬ್ರೌಸರ್ ಒಳಗಿನ ಜಾಗಕ್ಕೆ, ಉಳಿಸು. ಬ್ರೌಸರ್ ಮುಚ್ಚಿ ತೆಗೆದರೂ ಅಲ್ಲೇ ಇರುತ್ತೆ. ಆ್ಯಪನ್ನು ಗಿಟ್‌ಹಬ್ ಪೇಜಸ್‌ನಲ್ಲಿ (ವೆಬ್‌ಪುಟ ತೋರಿಸುವ ಗಿಟ್‌ಹಬ್ ಸೌಲಭ್ಯ) ಪುಕ್ಕಟೆ ಹಾಕಬಹುದು. ಅಪ್ಪ ಒಂದು ವಾರ ಕೈಬರಹದ ಪಟ್ಟಿಯ ಜೊತೆ ತಾಳೆ ನೋಡಲಿ. ಎಲ್ಲಿ ತಪ್ಪು ಹಿಡಿದರು ಅನ್ನೋದನ್ನೂ ಲಿಂಕ್ ಜೊತೆ ಕಳಿಸು, ನಾನು ಕೂತು ನೋಡ್ತೀನಿ.