ಡೀಬ್ರೀಫಿಂಗ್‌ಗೆ ‘ವಿಚಾರಣೆ’ ಬೇಡ, ಹಾಗಾದರೆ ಯಾವುದು?

ಎಲ್ಲರಿಗೂ ನಮಸ್ಕಾರ.

ಎರಡು ವಾರದಿಂದ ಒಂದೇ ಪದಕ್ಕೆ ಒದ್ದಾಡುತ್ತಿದ್ದೇನೆ. ನಿಮ್ಮ ಸಹಾಯ ಬೇಕು.

ಮನೋವಿಜ್ಞಾನದ ಪ್ರಯೋಗಗಳಿಗೆ ಬರುವವರ ಕೈಗೆ ಕೊಡುವ ಕಾಗದಗಳನ್ನು ನಾನು ಕನ್ನಡಕ್ಕೆ ತರುತ್ತೇನೆ. ಶುರುವಿನಲ್ಲಿ ಕೊಡುವ ಒಪ್ಪಿಗೆ ಪತ್ರದಲ್ಲಿ ಅಂಥ ತೊಡಕಿಲ್ಲ. ಕೊನೆಗೆ ಕೊಡುವ ಡೀಬ್ರೀಫಿಂಗ್ ಹಾಳೆಯದ್ದೇ ತಲೆನೋವು. ಕೆಲವು ಪ್ರಯೋಗಗಳ ನಿಜವಾದ ಉದ್ದೇಶವನ್ನು ಮೊದಲೇ ಹೇಳಲು ಆಗುವುದಿಲ್ಲ. ಹೇಳಿಬಿಟ್ಟರೆ ಯಾರೂ ಸಹಜವಾಗಿ ನಡೆದುಕೊಳ್ಳುವುದಿಲ್ಲ, ಅಲ್ವಾ? ಹಾಗಾಗಿ ಮುಗಿದ ಮೇಲೆ ಅವರನ್ನು ಕೂರಿಸಿಕೊಂಡು, ಏನನ್ನು ಮುಚ್ಚಿಟ್ಟಿದ್ದೆವು, ಯಾಕೆ ಮುಚ್ಚಿಟ್ಟೆವು ಅಂತ ಹೇಳಬೇಕು. ಮನಸ್ಸಿಗೆ ನೋವಾಯಿತೇ ಅಂತ ಕೇಳಬೇಕು. ತಮ್ಮ ಉತ್ತರಗಳನ್ನು ಬಳಸುವುದು ಬೇಡ ಅಂದರೆ ತೆಗೆದುಹಾಕಬೇಕು.

ನನಗೆ ಸಿಕ್ಕಿದ ಹಳೆಯ ಅನುವಾದದಲ್ಲಿ ಇದರ ತಲೆಬರಹ ‘ಪ್ರಯೋಗೋತ್ತರ ವಿಚಾರಣೆ’. ಅದನ್ನು ಓದುತ್ತಿದ್ದ ಒಬ್ಬರ ಪಕ್ಕದಲ್ಲೇ ನಾನು ಕೂತಿದ್ದೆ. ಅಲ್ಲಿಯವರೆಗೆ ಆರಾಮಾಗಿ ಟಿಕ್ ಹಾಕುತ್ತಿದ್ದವರು ಪೆನ್ನು ಕೆಳಗಿಟ್ಟರು. “ವಿಚಾರಣೆ ಯಾಕೆ? ನಾನೇನಾದ್ರೂ ತಪ್ಪು ಮಾಡಿದ್ನಾ?” ಅಂದರು. ನನಗೆ ತುಂಬಾ ಬೇಜಾರಾಯಿತು. ನಿಜ ಮುಚ್ಚಿಟ್ಟವರು ನಾವು, ಅಳುಕಿದವರು ಅವರು.

ತಪ್ಪು ಎಲ್ಲಿಂದ ಬಂತು ಅಂತ ಊಹಿಸಬಹುದು. ಸೇನೆಯಲ್ಲೂ ಈ ಪದ ಇದೆ. ಕೆಲಸ ಮುಗಿಸಿ ಬಂದ ಸೈನಿಕನನ್ನು ಕೂರಿಸಿ, ಏನು ಕಂಡೆ, ಏನಾಯಿತು ಅಂತ ಕೇಳುವುದು ಅಲ್ಲಿನ ಡೀಬ್ರೀಫಿಂಗ್. ಮನೋವಿಜ್ಞಾನದಲ್ಲಿ ಮಾತಿನ ದಿಕ್ಕು ತಿರುಗುತ್ತದೆ. ಇಲ್ಲಿ ಮುಖ್ಯವಾಗಿ ಉತ್ತರ ಕೊಡಬೇಕಾದವರು ಸಂಶೋಧಕರು.

ಹಾಗಾದರೆ ಸುಮ್ನೆ ‘ವಿವರಣೆ’ ಅಂದರೆ ಸಾಲದೇ? ನನಗೆ ಸಾಲದು ಅನ್ನಿಸುತ್ತದೆ. 1975ರಲ್ಲಿ ರಾಸ್, ಲೆಪರ್, ಹಬ್ಬರ್ಡ್ ಎಂಬ ಮೂವರು ಒಂದು ಪ್ರಯೋಗ ಪ್ರಕಟಿಸಿದರು. ಆತ್ಮಹತ್ಯೆಯ ಪತ್ರಗಳಲ್ಲಿ ನಿಜವಾದದ್ದು ಯಾವುದು, ನಕಲಿ ಯಾವುದು ಅಂತ ಗುರುತಿಸುವ ಕೆಲಸ ಕೊಟ್ಟರು. ಆಮೇಲೆ ಕೆಲವರಿಗೆ ‘ನೀವು ಚೆನ್ನಾಗಿ ಗುರುತಿಸಿದಿರಿ’ ಅಂದರು, ಕೆಲವರಿಗೆ ‘ನಿಮಗೆ ಬರಲಿಲ್ಲ’ ಅಂದರು. ಎರಡೂ ಸುಳ್ಳು. ಅದು ಸುಳ್ಳು ಅಂತ ಬಾಯಿಬಿಟ್ಟು ಹೇಳಿದ ಮೇಲೂ ಹೊಗಳಿಸಿಕೊಂಡವರು ತಮಗೆ ಆ ಕೆಲಸ ಚೆನ್ನಾಗಿ ಬರುತ್ತದೆ ಅಂತಲೇ ನಂಬಿದ್ದರು, ಉಳಿದವರು ಬರುವುದಿಲ್ಲ ಅಂತಲೇ. ಸುಳ್ಳು ಹೋದರೂ ಅದರ ಗುರುತು ಹೋಗಿರಲಿಲ್ಲ. ‘ಹೀಗೆ ನಂಬಿಕೆ ಅಂಟಿಕೊಂಡುಬಿಡುತ್ತದೆ, ಜೋಪಾನ’ ಅಂತ ಅದನ್ನೂ ಬಿಡಿಸಿ ಹೇಳಿದಾಗ ಮಾತ್ರ ಅಂಟು ಬಹಳ ಸಡಿಲವಾಯಿತು.

ಮರುವರ್ಷ ಡೇವಿಡ್ ಹೋಮ್ಸ್ ಎಂಬ ಸಂಶೋಧಕ ಈ ಕೆಲಸವನ್ನು ಎರಡಾಗಿ ಬಿಡಿಸಿ ತೋರಿಸಿದರು. ಕಟ್ಟಿದ ಸುಳ್ಳನ್ನು ಕಳಚುವುದು ಒಂದು. ತನ್ನ ಬಗ್ಗೆ ತನಗೇ ಗೊತ್ತಾದ ಕಹಿ ಸಂಗತಿಯ ಭಾರ ಇಳಿಸುವುದು ಇನ್ನೊಂದು. ಮಿಲ್‌ಗ್ರಾಂ ಪ್ರಯೋಗವನ್ನು ನೆನೆಯಿರಿ. ಪಕ್ಕದ ಕೋಣೆಯಲ್ಲಿದ್ದವನು ತಪ್ಪು ಉತ್ತರ ಕೊಟ್ಟಾಗಲೆಲ್ಲ ಅವನಿಗೆ ಇನ್ನೂ ಜೋರಾದ ಶಾಕ್ ಕೊಡಿ ಅಂತ ಬಂದವರಿಗೆ ಹೇಳಿದ್ದರು. 1963ರ ವರದಿಯ ಪ್ರಕಾರ 40 ಜನರಲ್ಲಿ 26 ಮಂದಿ 450 ವೋಲ್ಟ್‌ವರೆಗೂ ಸ್ವಿಚ್ ಒತ್ತಿದರು. ಶಾಕ್ ನಿಜವಲ್ಲ, ಗೋಡೆ ಬಡಿದವನು ನಟಿಸುತ್ತಿದ್ದ ಅಂತ ಹೇಳಿದರೆ ಮೊದಲ ಕೆಲಸ ಮುಗಿಯಿತು. ಆದರೆ ‘ನಾನು ಒತ್ತಿದೆನಲ್ಲ’ ಅನ್ನುವುದು ಉಳಿಯಿತಲ್ಲ! ಅದಕ್ಕೆ ‘ವಿವರಣೆ’ ಏನು ಮಾಡೀತು?

ಹುಡುಕುತ್ತಾ ‘ಸಮಾಧಾನ’ದ ಹತ್ತಿರ ಬಂದೆ. ‘ಶಂಕಾ ಸಮಾಧಾನ’ದಲ್ಲಿ ಅದು ಉತ್ತರ, ‘ಸಮಾಧಾನ ಮಾಡು’ವಿನಲ್ಲಿ ಸಂತೈಕೆ. ಎರಡೂ ಬೇಕಾದವೇ. ಆದರೆ ಈಗ ಓದುವವರಿಗೆ ಎರಡನೆಯದೇ ಜಾಸ್ತಿ ಕೇಳಿಸುತ್ತದೆ. ಪರೀಕ್ಷೆಯಲ್ಲಿ ಫೇಲಾದವರಿಗೆ ಹೇಳುವ ಮಾತಿನಂತೆ ಆಗುತ್ತದೆ. ‘ತಿಳಿಹೇಳುವುದು’ ಕೂಡ ದಾರಿ ತಪ್ಪಿದವರಿಗೆ ಹೇಳುವ ಬುದ್ಧಿಮಾತಿನ ಕಡೆ ವಾಲುತ್ತದೆ.

ನನ್ನ ಮನಸ್ಸು ‘ಬಿಡಿಸಿ ಹೇಳುವುದು’ ಕಡೆಗಿದೆ. ಒಗಟು ಬಿಡಿಸುತ್ತೇವೆ, ಗಂಟು ಬಿಡಿಸುತ್ತೇವೆ, ಸೆರೆಯಿಂದಲೂ ಬಿಡಿಸುತ್ತೇವೆ. ಗುಟ್ಟು ಹೊರಗಿಡುವುದು, ಮನಸ್ಸನ್ನು ಹಗುರ ಮಾಡುವುದು, ಎರಡೂ ಅದರೊಳಗೇ ಇವೆ. ತಪ್ಪಿತಸ್ಥರ ವಾಸನೆಯಿಲ್ಲ. ಹಾಳೆಯನ್ನು ‘ಈಗ ನಿಮಗೆ ಎಲ್ಲವನ್ನೂ ಬಿಡಿಸಿ ಹೇಳುತ್ತೇವೆ’ ಅಂತ ಶುರು ಮಾಡಿದರೆ ಎಷ್ಟು ಚೆನ್ನಾಗಿ ಕೂರುತ್ತದೆ ನೋಡಿ.

ತೊಡಕು ಒಂದೇ. ಇದು ಕ್ರಿಯೆ, ತಲೆಬರಹಕ್ಕೆ ಹೆಸರುಪದ ಬೇಕು. ‘ಬಿಡಿಸಿಹೇಳಿಕೆ’ ಅಂದರೆ ನಾಲಿಗೆ ತೊಡರುತ್ತದೆ. ‘ಬಿಡಿನುಡಿ’ ಅಂದರೆ ಬಿಡಿಬಿಡಿಯಾದ ಮಾತು ಅಂತ ಆಗಿಬಿಡುತ್ತದೆ.

ಇದೇ ಕಾಗದಗಳಲ್ಲಿ ಇನ್ನೊಂದು ಕಂಡೆ. ‘ಪ್ರಯೋಗದ ವಿಷಯಗಳು 20 ಮಂದಿ’ ಅಂತ. ಪ್ರಯೋಗಕ್ಕೆ ಒಳಗಾದವರು ಎಂಬರ್ಥದ ಸಬ್ಜೆಕ್ಟ್ ಅನ್ನುವುದನ್ನು ಕಣ್ಣುಮುಚ್ಚಿ ‘ವಿಷಯ’ ಮಾಡಿದ್ದಾರೆ. ಅಮೆರಿಕದ ಮನೋವಿಜ್ಞಾನ ಸಂಘದ ಬರವಣಿಗೆಯ ಕೈಪಿಡಿ 1994ರಲ್ಲೇ ಸಬ್ಜೆಕ್ಟ್ ಬದಲು ‘ಭಾಗವಹಿಸಿದವರು’ ಎಂಬರ್ಥದ ಪದ ಬಳಸಿ ಅಂದಿತ್ತು. ನಾವೂ ಹಾಗೇ ಬರೆಯೋಣ, ಇದಕ್ಕೆ ಚರ್ಚೆ ಬೇಕಿಲ್ಲ ಅನ್ನಿಸುತ್ತದೆ.

ಈಗ ನನ್ನ ಪ್ರಶ್ನೆ. ‘ಬಿಡಿಸಿ ಹೇಳುವುದು’ ಇದರಿಂದ ಬಾಯಿಗೆ ಹಗುರವಾದ ಹೆಸರುಪದ ಹುಟ್ಟೀತೇ? ಅಥವಾ ನಿಮ್ಮ ಮನೆಮಾತಿನಲ್ಲಿ, ಒಳ್ಳೆಯದಕ್ಕೇ ಮುಚ್ಚಿಟ್ಟದ್ದನ್ನು ಕೊನೆಗೆ ಕೂರಿಸಿಕೊಂಡು ಹೇಳುವುದಕ್ಕೆ ಬೇರೆ ಮಾತೇನಾದರೂ ಇದೆಯೇ? ಇದ್ದರೆ ಒಂದು ವಾಕ್ಯದಲ್ಲಿ ಬಳಸಿ ತೋರಿಸಿ. ತಲೆಬರಹದ ಜಾಗವನ್ನು ಸದ್ಯಕ್ಕೆ ಖಾಲಿ ಬಿಟ್ಟಿದ್ದೇನೆ.