ಅಪ್‌ಡೇಟ್: ಕಾಳ್ಗಿಚ್ಚಿಗೆ ಸುಟ್ಟ ಮನೆಯ ಪರಿಹಾರ

ಚಿಂಚೋಳಿ ಕಾಡಂಚಿನ ನಮ್ಮ ಮಾವನ ಮನೆ ಕಾಳ್ಗಿಚ್ಚಿಗೆ ಸುಟ್ಟಿತ್ತು, ಪರಿಹಾರ ಸಿಗುತ್ತಾ ಅಂತ ಕೇಳಿದ್ದೆನಲ್ಲ. ಸ್ವಲ್ಪ ಸಿಕ್ಕಿದೆ. ಬೆಂಕಿಯೂ ರಾಜ್ಯ ವಿಪತ್ತು ನಿಧಿಯ ಪಟ್ಟಿಯಲ್ಲಿದೆ, ಅರ್ಜಿ ತಹಶೀಲ್ದಾರರಿಗೆ ಕೊಟ್ಟೆವು. ನೀವು ಹೇಳಿದಂತೆ ಪಂಚನಾಮೆ ಆಗುವವರೆಗೆ ಬೂದಿ ಎತ್ತಲಿಲ್ಲ, ಅದೇ ಕೆಲಸಕ್ಕೆ ಬಂತು. ಕರಗಿ ಮುದ್ದೆಯಾದ ಅಲ್ಯೂಮಿನಿಯಂ ಕೊಡ, ಇದ್ದಿಲಾದ ತೊಲೆ, ಎಲ್ಲದರ ಫೋಟೋ ತೆಗೆದುಕೊಂಡರು.

ಬಟ್ಟೆಗೆ 2,500, ಪಾತ್ರೆಗೆ 2,500 ರೂಪಾಯಿ ಅತ್ತೆಯ ಖಾತೆಗೆ ಬಂದಿದೆ. ಸತ್ತ ಎಮ್ಮೆಗೆ 37,500 ಬರಬೇಕು. ಪಶುವೈದ್ಯರ ವರದಿ ಕೈಲಿದೆ.

ಮನೆಯದ್ದೇ ದೊಡ್ಡ ಗೋಳು. ಪೂರ್ತಿ ಹೋದ ಮನೆಗೆ 1.20 ಲಕ್ಷ, ಗುಡಿಸಲಿಗೆ ಬರೀ 8,000. ತಗಡು ನೋಡಿ ಸುಮ್ನೆ ಗುಡಿಸಲು ಅಂತ ಬರೆದುಬಿಟ್ಟಿದ್ದಾರೆ. ಶಹಾಬಾದ್ ಕಲ್ಲಿನ ಗೋಡೆ ಕಣ್ಣಿಗೆ ಬೀಳಲಿಲ್ಲವಾ? ಮರುಪರಿಶೀಲನೆಗೆ ಅರ್ಜಿ ಹಾಕಿದ್ದೇವೆ. ಉಳಿದ ದನಕ್ಕೆ ಆಚೀಚೆ ಮನೆಯವರೇ ಕಣಕಿ ಕೊಡುತ್ತಿದ್ದಾರೆ.