ಹಾಸನದಲ್ಲಿ ಸ್ಯಾನ್ ಸ್ಟಾರ್ಮ್ ಸಾಕಬಹುದಾ? ಇಟ್ಟುಕೊಂಡವರು ಹೇಳಿ

ಕೇಳಿದವರು, ಹಾಸನ

ನಮಸ್ಕಾರ. ಬೆಂಗಳೂರಿನಲ್ಲಿ ಒಂದು ಕೆಂಪು ಸ್ಯಾನ್ ಸ್ಟಾರ್ಮ್ ಕಾರು ಮಾರಾಟಕ್ಕಿದೆ. ಎರಡೇ ಸೀಟು, ಬಟ್ಟೆ ಟಾಪು, 2001ರ ಗಾಡಿ. 41 ಸಾವಿರ ಕಿಲೋಮೀಟರ್ ಓಡಿದೆ ಎನ್ನುತ್ತಾರೆ. ಕಾಲೇಜಿನ ಕಾಲದಿಂದಲೂ ನನಗೆ ಇದರ ಮೇಲೆ ಕಣ್ಣು. ದಿನದ ಓಡಾಟಕ್ಕೆ ಬೇರೆ ಕಾರಿದೆ, ಇದು ಭಾನುವಾರಕ್ಕೆ ಮಾತ್ರ. ಮನೆಯವಳು "ಮಕ್ಕಳನ್ನ ಡಿಕ್ಕಿಯಲ್ಲಿ ಕೂರಿಸ್ತೀರಾ?" ಎಂದು ಕೇಳಿ ಒಳಗೆ ಹೋದಳು. ನಮ್ಮ ಕಡೆಯ ಮಳೆ, ರಸ್ತೆ, ಮೆಕ್ಯಾನಿಕ್ ಎಲ್ಲ ನೋಡಿದರೆ ಇದನ್ನು ಸಾಕೋಕೆ ಆಗುತ್ತಾ? ಇಟ್ಟುಕೊಂಡವರು, ಇಟ್ಟುಕೊಂಡು ಮಾರಿದವರು ದಯವಿಟ್ಟು ಹೇಳಿ.

ಚಿಕ್ಕಮಗಳೂರಿನಿಂದ

ಸರ್, ನನ್ನ ಹತ್ತಿರ ಒಂದಿದೆ. ಒಂಬತ್ತು ವರ್ಷವಾಯ್ತು.

ಮೊದಲು ಒಂದು ಭ್ರಮೆ ಬಿಟ್ಟುಬಿಡಿ. ನೋಡಿದವರೆಲ್ಲ ಇದು ಬಾಣದ ಹಾಗೆ ಹೋಗುತ್ತದೆ ಅಂದುಕೊಳ್ಳುತ್ತಾರೆ. ಹೋಗಲ್ಲ. ಒಳಗಿರುವುದು ರೆನೋದ 1149 ಸಿಸಿ ಪೆಟ್ರೋಲ್ ಎಂಜಿನ್, 60 ಹಾರ್ಸ್‌ಪವರ್. ಈಗಿನ ಸ್ವಿಫ್ಟ್‌ಗೂ ಇದಕ್ಕಿಂತ ಜಾಸ್ತಿ ಶಕ್ತಿ ಇದೆ. ಬೇಲೂರು ರಸ್ತೆಯಲ್ಲಿ ಹಾಲಿನ ವ್ಯಾನು ನನ್ನನ್ನು ಹಿಂದೆ ಹಾಕಿದೆ. ಡ್ರೈವರ್ ಟಾಟಾ ಬೇರೆ ಮಾಡಿದ.

ಆದರೆ ಮೈ ಪೂರ್ತಿ ಫೈಬರ್, ಹಾಗಾಗಿ ಹಗುರ. ಕೂರುವುದು ನೆಲಕ್ಕೆ ಅಂಟಿಕೊಂಡ ಹಾಗೆ. 50ರಲ್ಲಿ ಹೋದರೂ 80ರಲ್ಲಿ ಹೋದಂತೆ ಅನಿಸುತ್ತದೆ. ಕೈಮರ ದಾಟಿ ಮುಳ್ಳಯ್ಯನಗಿರಿ ಕಡೆ ಹತ್ತುವಾಗ ಬರೀ ಎರಡನೇ ಗೇರು, ಮೂರನೇ ಗೇರು. ಆ ತಿರುವುಗಳಿಗೆ 60 ಹಾರ್ಸ್‌ಪವರ್ ಸಾಕೇ ಸಾಕು. ಮಾರ್ಚಿನಲ್ಲಿ ಹೂ ಮಳೆ ಬಿದ್ದು ಎಂಟು ಹತ್ತು ದಿನಕ್ಕೆ ಕಾಫಿ ಅರಳುತ್ತದಲ್ಲ, ಆಗ ಬೆಳಿಗ್ಗೆ ಆರಕ್ಕೆ ಟಾಪು ಇಳಿಸಿಕೊಂಡು ಹೊರಡಿ. ಗಾಜು ಏರಿಸಿ ಎಸಿ ಹಾಕಿಕೊಂಡು ಹೋಗುವವರಿಗೆ ಆ ಘಮ ಗೊತ್ತೇ ಆಗಲ್ಲ. ವರ್ಷದಲ್ಲಿ ಅಂಥ ಬೆಳಿಗ್ಗೆ ನಾಲ್ಕೋ ಐದೋ. ಉಳಿದ ದಿನವೆಲ್ಲ ಸುಮ್ನೆ ಸಾಕುವುದೇ.

ಇನ್ನು ಮಳೆ. ಮೊದಲ ವರ್ಷ ಹುಮ್ಮಸ್ಸಿನಲ್ಲಿ ಜುಲೈ ತಿಂಗಳು ಚಾರ್ಮಾಡಿಗೆ ಇಳಿದೆ. ಕೊಟ್ಟಿಗೆಹಾರದಲ್ಲಿ ನೀರುದೋಸೆ ತಿಂದು ಹೊರಟಿದ್ದೇ ತಡ, ಹಿಡಿಯಿತು. ಟಾಪಿನ ಬಟ್ಟೆಯಿಂದ ಒಂದು ಹನಿ ಒಳಗೆ ಬರಲಿಲ್ಲ. ಬಂದದ್ದು ಕಿಟಕಿ ಗಾಜಿಗೂ ಟಾಪಿಗೂ ನಡುವಿನ ರಬ್ಬರ್ ಮೂಲೆಯಿಂದ, ನೇರ ಪಕ್ಕದಲ್ಲಿ ಕೂತಿದ್ದ ಭಾವನವರ ಎಡ ತೊಡೆಗೆ. ಅವರು ಟವೆಲ್ ಮಡಿಸಿ ಮೂಲೆಗೆ ತುರುಕಿದರು. ಐದು ನಿಮಿಷಕ್ಕೊಮ್ಮೆ ತೆಗೆದು, ಬಾಗಿಲು ಸ್ವಲ್ಪ ತೆರೆದು, ಹೊರಗೆ ಹಿಂಡಿ, ಮತ್ತೆ ತುರುಕುತ್ತಿದ್ದರು. ಉಜಿರೆ ಬರುವವರೆಗೆ ಒಂದು ಮಾತಿಲ್ಲ. ವಾಪಸ್ ಬಸ್ಸಿನಲ್ಲಿ ಬಂದರು.

ಕಾರಿನದೇನೂ ತಪ್ಪಲ್ಲ. ಅಷ್ಟು ವರ್ಷದ ರಬ್ಬರ್ ಕಲ್ಲಾಗಿತ್ತು. ಇದಕ್ಕೆಂದೇ ಮಾಡಿದ ರಬ್ಬರ್ ನನಗೆ ಎಲ್ಲೂ ಸಿಗಲಿಲ್ಲ. ಕೊನೆಗೆ ಬಸ್ ಬಾಡಿ ಕಟ್ಟುವವರ ಹತ್ತಿರ ಕಿಟಕಿಗೆ ಹಾಕುವ ಬೀಡಿಂಗ್ ಮೀಟರ್ ಲೆಕ್ಕದಲ್ಲಿ ತಂದು, ಬ್ಲೇಡಿನಲ್ಲಿ ಸೀಳಿ ಅಂಟಿಸಿದೆ. ನೋಡೋಕೆ ಚೆನ್ನಾಗಿಲ್ಲ. ನೀರು ನಿಂತಿದೆ. ಆದರೂ ಈಗ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಗಾಡಿ ಶೆಡ್ಡಿನಿಂದ ಆಚೆ ಬರಲ್ಲ.

ಶೆಡ್ಡಿನಲ್ಲಿಟ್ಟರೂ ನೆಮ್ಮದಿ ಇಲ್ಲ. ಪ್ಲಾಸ್ಟಿಕ್ ಟಾರ್ಪಾಲು ಮುಚ್ಚಿದರೆ ಸೀಟು, ಬೆಲ್ಟು, ಸ್ಟೇರಿಂಗ್ ಎಲ್ಲ ಬೂಸ್ಟು. ಹತ್ತಿ ಬಟ್ಟೆಯ ಹೊದಿಕೆ ಹಾಕಿ, ಟಾಪು ಏರಿಸಿಯೇ ಇಡಿ. ಒದ್ದೆ ಟಾಪನ್ನು ಮಡಚಿದರೆ ಮಡಿಕೆಯಲ್ಲೇ ಕೊಳೆಯುತ್ತದೆ. ವಾರಕ್ಕೊಮ್ಮೆ ಬಿಸಿಲು ಕಂಡಾಗ ಬಾಗಿಲು ತೆರೆದಿಡಿ. ಇಲಿಗೆ ನುಸಿಗುಳಿಗೆ ಇಟ್ಟಿದ್ದೆ. ಅದರ ಪಕ್ಕದಲ್ಲೇ ಮರಿ ಹಾಕಿತ್ತು.

ಹಾಸನದಿಂದ, ಗ್ಯಾರೇಜಿನವರು

ನಾನು ಇದರ ಮಾಲೀಕನಲ್ಲ. ಒಂದು ಸ್ಟಾರ್ಮ್ ನಮ್ಮಲ್ಲಿಗೆ ಐದಾರು ವರ್ಷ ಬರುತ್ತಿತ್ತು, ಅದರ ಅನುಭವ ಹೇಳುತ್ತೇನೆ.

ಎಂಜಿನ್‌ಗೆ ಹೆದರಬೇಡಿ. ಎಂಟು ವಾಲ್ವಿನ ಸರಳ ಎಂಜಿನ್, ಯುರೋಪಿನಲ್ಲಿ ಹಳೆಯ ಕ್ಲಿಯೊ, ಟ್ವಿಂಗೊ ಕಾರುಗಳಿಗೆ ಇದೇ ಬರುತ್ತಿತ್ತು. ಪಾರ್ಟ್ಸ್ ಅಲ್ಲಿಂದ ತರಿಸಬಹುದು. ನಮ್ಮ ಗಿರಾಕಿಯ ಗಾಡಿ ಬಿಸಿಯಾದ ಮೇಲೆ ಆಫ್ ಮಾಡಿದರೆ ಅರ್ಧ ಗಂಟೆ ಸ್ಟಾರ್ಟ್ ಆಗುತ್ತಿರಲಿಲ್ಲ. ಮೂರು ಕಡೆ ತೋರಿಸಿ, ಪೆಟ್ರೋಲ್ ಪಂಪ್ ಬದಲಿಸಿ, ಬ್ಯಾಟರಿ ಬದಲಿಸಿ ಕೊನೆಗೆ ನಮ್ಮ ಹತ್ತಿರ ಬಂದರು. ನೋಡಿದರೆ ಕೆಟ್ಟಿದ್ದು ಕ್ರ್ಯಾಂಕ್ ಸೆನ್ಸರ್, ಎಂಜಿನ್ ತಿರುಗುವುದನ್ನು ಗುರುತಿಸುವ ಸಾಮಾನು. ಬೆರಳಷ್ಟು ಸಾಮಾನು, ತರಿಸಿದ ಖರ್ಚು ಅದರ ಬೆಲೆಗಿಂತ ಜಾಸ್ತಿ. ಹಾಗಾಗಿ ನೋಡಲು ಹೋದಾಗ ತಣ್ಣಗಿರುವ ಗಾಡಿ ಸ್ಟಾರ್ಟ್ ಮಾಡಿ ಖುಷಿಪಡಬೇಡಿ. ಅರ್ಧ ಗಂಟೆ ಓಡಿಸಿ, ಆಫ್ ಮಾಡಿ, ಟೀ ಕುಡಿದು ಬಂದು ಮತ್ತೆ ಸ್ಟಾರ್ಟ್ ಮಾಡಿ.

ಲೋಗನ್ ಕಾರಿನ ಪಾರ್ಟ್ಸ್ ಇದಕ್ಕೆ ಕೂರುತ್ತೆ ಎಂದು ಯಾರಾದರೂ ಹೇಳಿಯೇ ಹೇಳುತ್ತಾರೆ. ಎಂಜಿನ್ ವಿಷಯದಲ್ಲಿ ನಂಬಬೇಡಿ. ಅದೂ ರೆನೋದ್ದೇ, ಆದರೆ ಬೇರೆ ಎಂಜಿನ್. ಇನ್ನೊಂದು ತಮಾಷೆ: ಅಂಗಡಿಯಲ್ಲಿ "ಸ್ಟಾರ್ಮ್" ಎಂದರೆ ಟಾಟಾ ಸಫಾರಿ ಸ್ಟಾರ್ಮ್‌ನ ಡಬ್ಬ ತೆಗೆದು ಕೈಗಿಡುತ್ತಾರೆ. ನಮ್ಮ ಹುಡುಗ ಒಮ್ಮೆ ಡೀಸೆಲ್ ಫಿಲ್ಟರ್ ತಂದಿದ್ದ.

ಟೈಮಿಂಗ್ ಬೆಲ್ಟ್ ಎಷ್ಟೇ ಕಮ್ಮಿ ಓಡಿರಲಿ, ಬದಲಿಸಿದ ಬಿಲ್ ಇಲ್ಲದಿದ್ದರೆ ತಂದ ವಾರವೇ ಬದಲಿಸಿ. ಬೆಲ್ಟಿಗೆ ಕಿಲೋಮೀಟರ್ ಎಷ್ಟೋ ವಯಸ್ಸೂ ಅಷ್ಟೇ.

ನಿಜವಾಗಿ ನೋಡಬೇಕಾದದ್ದು ಮೈ. ಫೈಬರ್‌ಗೆ ತುಕ್ಕು ಹಿಡಿಯಲ್ಲ, ಆದರೆ ಬಿರುಕು ಬಿಡುತ್ತದೆ. ಬೆರಳಿನ ಗೆಣ್ಣಿನಿಂದ ಬಡಿಯುತ್ತಾ ಹೋಗಿ. ಟಕ್ ಟಕ್ ಎನ್ನುತ್ತಿದ್ದದ್ದು ಒಂದು ಕಡೆ ಇದ್ದಕ್ಕಿದ್ದಂತೆ ಮೊದ್ದಾದರೆ ಅಲ್ಲಿ ಪುಟ್ಟಿ ಮೆತ್ತಿದ್ದಾರೆ ಎಂದರ್ಥ. ಬಾಗಿಲ ಹಿಂಜಿನ ಸುತ್ತ, ಬಂಪರ್ ಮೂಲೆಯಲ್ಲಿ ಜೇಡರ ಬಲೆಯಂಥ ಗೆರೆ ಇದೆಯಾ ನೋಡಿ. ನಮ್ಮ ಟಿಂಕರ್‌ಗಳ ಸುತ್ತಿಗೆಗೆ ಇಲ್ಲಿ ಕೆಲಸವಿಲ್ಲ. ಹಳೆಯದನ್ನು ಉಜ್ಜಿ, ಫೈಬರ್ ಮ್ಯಾಟ್ ಹಾಕಿ, ರೆಸಿನ್ ಅಂಟು ಬಳಿಯಬೇಕು. ಫೈಬರ್ ಬಾಗಿಲು, ದೋಣಿ ಮಾಡುವವರಿಗೆ ಈ ಕೆಲಸ ಕಾರು ರಿಪೇರಿಯವರಿಗಿಂತ ಚೆನ್ನಾಗಿ ಗೊತ್ತು. ಮೈ ಫೈಬರ್ ಆದರೂ ಕೆಳಗಿರುವುದು ಕಬ್ಬಿಣವೇ, ಲಿಫ್ಟ್ ಮೇಲೆ ಎತ್ತಿಸಿ ನೋಡದೆ ದುಡ್ಡು ಕೊಡಬೇಡಿ.

ಮುಂದಿನ ಗಾಜಿನಲ್ಲಿ ಬಿರುಕಿದ್ದರೆ ಅಲ್ಲಿಂದಲೇ ವಾಪಸ್ ಬನ್ನಿ. ಎಂಜಿನ್ ಸಿಗುತ್ತದೆ, ಗಾಜು ಸಿಗಲ್ಲ.

ಸಕಲೇಶಪುರದಿಂದ

2001ರ ಗಾಡಿ ಅಂದರೆ 15 ವರ್ಷದ ಆರ್‌ಸಿ 2016ಕ್ಕೇ ಮುಗಿದಿದೆ. ಆಮೇಲೆ ಐದೈದು ವರ್ಷಕ್ಕೆ ರಿನ್ಯೂವಲ್ ಆಗಬೇಕು. ಆಗಿದೆಯಾ ಕೇಳಿ. ಹಸಿರು ತೆರಿಗೆ ಬಾಕಿ ಇದ್ದರೆ ನಿಮ್ಮ ತಲೆಗೆ ಬರುತ್ತದೆ. ಉಳಿದದ್ದಕ್ಕೆ ಶುಭವಾಗಲಿ.

ಮೂಡಿಗೆರೆಯಿಂದ, ಮಾರಿದವರು

ನಾಲ್ಕು ವರ್ಷ ಇಟ್ಟುಕೊಂಡು ಮಾರಿದೆ. ಕಾರಣ ಕಾರಲ್ಲ, ನಮ್ಮ ತೋಟದ ರಸ್ತೆ. ಡಾಂಬರು ರಸ್ತೆಯಿಂದ ಮನೆಗೆ ಒಂದೂವರೆ ಕಿಲೋಮೀಟರ್ ಮಣ್ಣು. ಪಿಕಪ್ ಓಡಾಡಿ ಎರಡು ಕಡೆ ಗುಂಡಿ, ನಡುವೆ ದಿಬ್ಬ. ಪ್ರತಿ ಸಲ ಹೊಟ್ಟೆ ಕೆರೆಯುವ ಸದ್ದು ಕೇಳಿ ಕೇಳಿ ನನ್ನ ಹೊಟ್ಟೆಯೇ ಉರಿಯುತ್ತಿತ್ತು. ಕೊನೆಕೊನೆಗೆ ಪೇಟೆಯಲ್ಲಿರುವ ಅಣ್ಣನ ಮನೆಯಲ್ಲಿ ನಿಲ್ಲಿಸಿ, ಜೀಪಿನಲ್ಲಿ ಅಲ್ಲಿಗೆ ಹೋಗಿ, ಇದನ್ನು ಓಡಿಸಿ, ಜೀಪಿನಲ್ಲಿ ವಾಪಸ್ ಬರುತ್ತಿದ್ದೆ. ಅಣ್ಣನ ಮಗ ನನಗಿಂತ ಜಾಸ್ತಿ ಓಡಿಸಿದ.

ಸೊಂಟದ ವಿಷಯ ಯಾರೂ ಹೇಳಿಲ್ಲ. ಇಳಿಯುವಾಗ ಮೊದಲು ಎರಡೂ ಕಾಲು ಹೊರಗೆ, ಆಮೇಲೆ ಬಾಗಿಲ ಚೌಕಟ್ಟು ಹಿಡಿದು ಏಳಬೇಕು. ನಲವತ್ತೈದು ದಾಟಿದ್ದರೆ ಈಗಲೇ ಒಮ್ಮೆ ಹತ್ತಿ ಇಳಿದು ನೋಡಿ. ಮದುವೆ ಮನೆ ಮುಂದೆ ಇಳಿಯುವುದಂತೂ ಬೇಡವೇ ಬೇಡ, ಪಂಚೆ ಉಟ್ಟಿದ್ದರೆ ಇನ್ನೂ ಬೇಡ.

ಮಾರಿದ ಮೇಲೆ ಬೇಜಾರಾಯ್ತಾ ಅಂದರೆ, ಆಯ್ತು. ಮತ್ತೆ ತಗೋತೀಯಾ ಅಂದರೆ, ರಸ್ತೆಗೆ ಕಾಂಕ್ರೀಟ್ ಹಾಕಲಿ, ನೋಡೋಣ.

ಕೇಳಿದವರು, ಹಾಸನ

ಎಲ್ಲರಿಗೂ ಧನ್ಯವಾದ. ನಮ್ಮ ಮನೆ ಮುಂದೆ ಡಾಂಬರು ಇದೆ, ಶೆಡ್ಡೂ ಇದೆ, ನನಗೆ ನಲವತ್ತೆರಡು. ಮಾಲೀಕರಿಗೆ ಫೋನ್ ಮಾಡಿದೆ. ಆರ್‌ಸಿ ರಿನ್ಯೂವಲ್ ಆಗಿದೆ, ಗಾಜಿನಲ್ಲಿ ಬಿರುಕಿಲ್ಲ ಎಂದರು. ಬೆಲ್ಟಿನ ಬಿಲ್ ಕೇಳಿದ್ದಕ್ಕೆ ಸ್ವಲ್ಪ ಹೊತ್ತು ಸುಮ್ಮನಿದ್ದರು. ಭಾನುವಾರ ನೋಡಲು ಹೋಗುತ್ತಿದ್ದೇನೆ. ಟಾಪಿನ ಮೇಲೆ ಎರಡು ಬಕೆಟ್ ನೀರು ಸುರಿಯಬಹುದಾ ಎಂದೂ ಕೇಳಿದ್ದೇನೆ. ಮನೆಯವಳೂ ಬರುತ್ತಾಳಂತೆ, ಎಡಗಡೆ ಸೀಟಿನಲ್ಲಿ ಕೂರೋಕೆ.